ಹಿಂದಿನ ಸೀಟಿನಿಂದ ರಸ್ತೆ ಹೇಗೆ ಕಾಣುತ್ತೆ?

ನಮ್ಮ ಸುದ್ದಿಮನೆಯಲ್ಲಿ ಒಂದು ಸಾಲಿದೆ. ಊರಿನ ಹೆಸರು ಬದಲಾಗುತ್ತೆ, ದಿನ ಬದಲಾಗುತ್ತೆ, ಸಾಲು ಮಾತ್ರ ಹಾಗೇ ಇರುತ್ತೆ. 'ಬೈಕ್ ಸವಾರನಿಗೆ ಸಣ್ಣಪುಟ್ಟ ಗಾಯ, ಹಿಂಬದಿ ಕೂತಿದ್ದ ಪತ್ನಿ ಸ್ಥಳದಲ್ಲೇ ಸಾವು.' ಎಷ್ಟೋ ವರ್ಷಗಳಿಂದ ಈ ಸಾಲನ್ನ ಓದ್ತಾ ಬಂದಿದ್ದೀನಿ. ಓದುವಾಗ ಮುಖದಲ್ಲಿ ಏನೂ ಕಾಣಬಾರದು, ಅದು ನಮ್ಮ ಕಸುಬು. ಆದರೆ ಮನೆಗೆ ಬಂದು ಬೈಕಿನ ಕೀ ಗೂಟಕ್ಕೆ ನೇತು ಹಾಕುವಾಗ ಆ ಸಾಲು ನೆನಪಾಗುತ್ತೆ.

ಈ ಮಾತು ಯಾಕೆ ಬಂತು ಅಂದ್ರೆ, ವೀಕ್ಷಕರೊಬ್ಬರು ಫೋನ್ ಮಾಡಿದ್ರು. ರಾಜಕೀಯ ಕೇಳ್ತಾರೇನೋ ಅಂದ್ಕೊಂಡೆ. ಅವರು ಕೇಳಿದ್ದು ಬೇರೆ. 'ಸರ್, ನನಗೆ ಬೈಕ್ ಅಂದ್ರೆ ಪ್ರಾಣ. ಭಾನುವಾರ ಬಂತು ಅಂದ್ರೆ ಎಲ್ಲಾದ್ರೂ ಹೊರಟುಬಿಡಬೇಕು. ನಮ್ಮ ಮನೆಯವರಿಗೆ ಮಾತ್ರ ಬೈಕ್ ಅಂದ್ರೆ ಆಗಲ್ಲ. ಕಾರಲ್ಲಾದ್ರೆ ಬರ್ತೀನಿ ಅಂತಾರೆ. ಮದುವೆಯಾಗಿ ಒಂಬತ್ತು ವರ್ಷ ಆಯ್ತು, ಇದೊಂದು ವಿಷಯಕ್ಕೇ ಮನೆಯಲ್ಲಿ ಮುಖ ತಿರುಗಿಸೋದು. ಏನು ಮಾಡ್ಲಿ?'

ನಗು ಬಂತು. ಆಮೇಲೆ ಬರಲಿಲ್ಲ. ಯಾಕಂದ್ರೆ ಇದೇ ಪ್ರಶ್ನೆ ನನ್ನ ಮನೆಯಲ್ಲಿ ಆರು ವರ್ಷ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಹರವೆಯಲ್ಲಿ, ನನ್ನ ಅತ್ತೆಯವರ ಬಾಯಲ್ಲಿ.

ಹರವೆ ನನ್ನ ಹೆಂಡತಿಯ ತವರು. ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರ. ಅರಿಶಿನ, ಬಾಳೆ, ಸಣ್ಣ ಈರುಳ್ಳಿ ಬೆಳೆಯೋ ಸೀಮೆ. ನಮ್ಮ ಮಾವನವರ ಹತ್ತಿರ ಒಂದು ಜಾವಾ ಇತ್ತು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಮೈಸೂರು ಸೀಮೆಯವರಿಗೆ ಜಾವಾ ಬರೀ ಗಾಡಿ ಅಲ್ಲ, ಅದು ಊರಿನ ಮಗ. ಜೆಕೊಸ್ಲೊವಾಕಿಯಾದಲ್ಲಿ ಯಾನೆಚೆಕ್ ಅನ್ನೋ ಉದ್ಯಮಿ 1929ರಲ್ಲಿ ವಾಂಡರರ್ ಅನ್ನೋ ಕಂಪನಿಯ ಮೋಟಾರ್ ಸೈಕಲ್ ತಯಾರಿಕೆಯನ್ನ ತನ್ನ ಕೈಗೆ ತಗೊಂಡು, ಎರಡು ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿ ಜಾವಾ ಅಂತ ಹೆಸರಿಟ್ಟ. ಅದನ್ನ ಮೈಸೂರಿಗೆ ತಂದವರು ರುಸ್ತುಂ ಇರಾನಿ, ಫಾರೂಕ್ ಇರಾನಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನ 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು. 2018ರ ನವೆಂಬರ್‌ನಲ್ಲಿ ಜಾವಾ ಹೆಸರು ಮತ್ತೆ ಬಂತು, 2022ರ ಜನವರಿಯಲ್ಲಿ ಯೆಜ್ಡಿ. ಗಾಡಿ ಬಂತು, ಯಾದವಗಿರಿಯ ಕಾರ್ಖಾನೆ ಬರಲಿಲ್ಲ.

ಜಾವಾ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಅದನ್ನ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಕೆಳಗೆ ಇಳಿಸಿದ್ರೆ ಗೇರ್. ಮಾವನವರು ಇದನ್ನ ಬಂದವರಿಗೆಲ್ಲ ತೋರಿಸೋರು. ನಾನು ಮದುವೆಗೆ ಮುಂಚೆ ಹುಡುಗಿ ನೋಡೋಕೆ ಹೋದಾಗಲೂ ಮೊದಲು ತೋರಿಸಿದ್ದು ಜಾವಾನೇ. ಹುಡುಗಿ ಆಮೇಲೆ.

ಅತ್ತೆಯವರು ಆ ಜಾವಾ ಹಿಂದೆ ಮೂವತ್ತು ವರ್ಷ ಕೂತವರು. ಚಾಮರಾಜನಗರದ ಸಂತೆ, ಗುಂಡ್ಲುಪೇಟೆ ಕಡೆಯ ನೆಂಟರ ಮನೆ, ನಂಜನಗೂಡಿನ ತೇರು, ಆಸ್ಪತ್ರೆ, ಎಲ್ಲಾ ಅದರಲ್ಲೇ. ಒಂದು ಸಲ ಊಟ ಆಗಿ ಜಗಲಿ ಮೇಲೆ ಕೂತಿದ್ದಾಗ ನಾನು ಕೇಳಿದೆ, 'ಅತ್ತೆ, ನಿಮಗೆ ಬೈಕಲ್ಲಿ ಹೋಗೋದು ಅಂದ್ರೆ ಇಷ್ಟ ಇತ್ತಾ?' ಅಂತ.

ಅವರು ಎಲೆ ಅಡಿಕೆ ಹಾಕ್ಕೊಂಡು ಹೇಳಿದ್ರು: 'ಇಷ್ಟವೋ ಕಷ್ಟವೋ, ಯಾರು ಕೇಳಿದ್ರು ಅಳಿಯಂದ್ರೇ? ಒಂದು ಮಾತ್ರ ನಿಜ ಕನಪ್ಪ. ಹೋಗುವಾಗ ಎಡಗಡೆ ಏನೇನದ ಅಂತ ಗೊತ್ತಾಯ್ತಿತ್ತು. ಬಲಗಡೆ ಏನದ ಅಂತ ಬರುವಾಗ್ಲೇ ನೋಡ್ತಿದ್ದುದು. ಮುಂದುಕ್ ಏನದ ಅನ್ನಾದು ಮಾತ್ರ ಯಾವತ್ತೂ ಕಾಣ್ನಿಲ್ಲ. ನಿಮ್ಮ ಮಾವ್ನೋರ ಬೆನ್ನೇ ಅಡ್ಡ.'

ಸೀರೆ ಉಟ್ಟು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರೋ ಹೆಂಗಸಿಗೆ ಕಾಣೋದು ಅಷ್ಟೇ. ನಾವು ಅದನ್ನ ಯೋಚನೆ ಮಾಡಿರಲ್ಲ. ನಾನಂತೂ ಮಾಡಿರಲಿಲ್ಲ. ನೋಡಿ, ಬೈಕ್ ಪ್ರೀತಿ ಅಂತ ನಾವು ಯಾವುದನ್ನ ಕರೀತೀವೋ, ಎದುರಿಗೆ ಬಿಚ್ಚಿಕೊಳ್ಳೋ ರಸ್ತೆ, ಕೈಯಲ್ಲಿರೋ ಆಕ್ಸಿಲರೇಟರ್, ತಿರುವಿಗೆ ಗಾಡಿ ಬಾಗೋ ಖುಷಿ, ಅದೆಲ್ಲ ಮುಂದಿನ ಸೀಟಿನ ಪ್ರೀತಿ. ಹಿಂದಿನ ಸೀಟಿಗೆ ಅದು ತಲುಪೋದೇ ಇಲ್ಲ. ಹಿಂದಕ್ಕೆ ಹೋಗೋದು ಹೊಗೆ, ಗಾಳಿ, ಅಲುಗಾಟ, ಮತ್ತು ಒಂದು ಬೆನ್ನು. ಆಮೇಲೆ ನಾವು ಕೇಳ್ತೀವಿ, 'ಯಾಕೆ ಇವಳಿಗೆ ನನ್ನಷ್ಟು ಖುಷಿ ಇಲ್ಲ?' ಅಂತ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ. ಮುಚ್ಚಿಡೋದು ಏನಿದೆ?

ಬುಲೆಟ್ ತಗೊಂಡ ಹೊಸದು. ಇಬ್ಬರೂ ಊಟಿಗೆ ಹೋಗಿದ್ವಿ. ವಾಪಸ್ ಬರುವಾಗ ನಾನು ಗೂಡಲೂರಿನಲ್ಲಿ ಟೀ, ಫೋಟೋ ಅಂತ ಹೊತ್ತು ಕಳೆದೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಇಲ್ಲ ಅನ್ನೋದು ನಿಮಗೆಲ್ಲ ಗೊತ್ತು. 2009ರಲ್ಲಿ ಬಂದ ನಿಷೇಧ, 2010ರಲ್ಲಿ ಹೈಕೋರ್ಟ್ ಎತ್ತಿಹಿಡೀತು. ಆ ಸುದ್ದಿ ಎಷ್ಟೋ ಸಲ ಓದಿದವನು ನಾನೇ. ಗಡಿಯ ಚೆಕ್‌ಪೋಸ್ಟ್ ದಾಟಿದಾಗ ಗಂಟೆ ಎಂಟೂವರೆ ಮೀರಿತ್ತು. ಒಂಬತ್ತಕ್ಕೆ ಮುಂಚೆ ಕಾಡು ದಾಟಬೇಕು ಅಂತ ನಾನು ಗಾಡಿ ಓಡಿಸಿದೆ. ಆ ರಸ್ತೆಯಲ್ಲಿ ಪ್ರಾಣಿಗಳಿಗೋಸ್ಕರ ಸಾಲು ಸಾಲಾಗಿ ಹಂಪ್ ಹಾಕಿದ್ದಾರೆ. ಮುಂದೆ ಕೂತ ನನಗೆ ಹಂಪ್ ಕಾಣ್ತಿತ್ತು. ಹ್ಯಾಂಡಲ್ ಹಿಡಿದು, ಕಾಲ ಮೇಲೆ ಭಾರ ಬಿಟ್ಟು ಸೊಂಟ ಎತ್ತುತ್ತಿದ್ದೆ. ಅವಳಿಗೆ ಏನೂ ಕಾಣ್ತಿರಲಿಲ್ಲ. ಒಂದು ಹಂಪಿನಲ್ಲಿ ಅವಳು ಸೀಟಿನಿಂದ ಮೇಲೆದ್ದು ಹಿಂದಿನ ಕಬ್ಬಿಣದ ಕಂಬಿ ಮೇಲೆ ಬಿದ್ದಳು. ಬೆನ್ನು ತಟ್ಟಿ 'ನಿಧಾನ' ಅಂದಳಂತೆ. ಮೂರು ಸಲ ಅಂದಳಂತೆ. ಹೆಲ್ಮೆಟ್, ಗಾಳಿ, ಬುಲೆಟ್ ಶಬ್ದ, ನನಗೆ ಕೇಳಲಿಲ್ಲ. ಬೆನ್ನು ತಟ್ಟಿದ್ದು ಗೊತ್ತಾಯ್ತು, ಹುರಿದುಂಬಿಸ್ತಿದ್ದಾಳೆ ಅಂದ್ಕೊಂಡೆ!

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕಾಡು ದಾಟಿದ್ವಿ. ನಾನು ಗೆದ್ದವನ ಹಾಗೆ ಹೆಲ್ಮೆಟ್ ತೆಗೆದೆ. ಅವಳಿಗೆ ಇಳಿಯೋಕೇ ಆಗಲಿಲ್ಲ. ಬೆನ್ನುಮೂಳೆಯ ತುದಿಗೆ ಪೆಟ್ಟು. ಮೂರು ವಾರ ಮಗ್ಗುಲಾಗಿ ಮಲಗಿದ್ದಳು. ನೋವು ವಾಸಿಯಾಯ್ತು. ಆದರೆ ಮುಂದೆ ಆರು ವರ್ಷ ಅವಳು ನನ್ನ ಬೈಕ್ ಹತ್ತಲಿಲ್ಲ. ಜಗಳವೇನೂ ಆಡಲಿಲ್ಲ. 'ಆಟೋ ಹೇಳ್ತೀನಿ ರೀ' ಅನ್ನೋಳು, ಅಷ್ಟೇ.

ಆ ರಾತ್ರಿ ಬೈಕಿನಲ್ಲಿ ನಡೆದಿದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಎಲ್ಲರ ಬೈಕಿನಲ್ಲೂ ನಡೆಯುತ್ತೆ. ಓಡಿಸುವವನು ಎರಡು ಚಕ್ರಗಳ ನಡುವೆ ಕೂರ್ತಾನೆ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂದಿನ ಚಕ್ರದ ನೆತ್ತಿಯ ಮೇಲೆ, ಅದೂ ಒಂದಿಷ್ಟು ಎತ್ತರದಲ್ಲಿ. ಎತ್ತಿನಗಾಡಿಯ ಅಚ್ಚಿನ ಮೇಲೆ ಕೂತವನಿಗೂ ಮುಂದೆ ಮೂಕಿಯ ಹತ್ತಿರ ಕೂತವನಿಗೂ ಇರೋ ವ್ಯತ್ಯಾಸ ಹಳ್ಳಿಯವರಿಗೆ ಗೊತ್ತು. ಅದೇ ಇದು. ನಿಮಗೆ ತಟ್ಟುವ ಗುಂಡಿ ಅವರಿಗೆ ಗುದ್ದುತ್ತೆ. ಎರಡನೇದು, ನಿಮಗೆ ಮೊದಲೇ ಗೊತ್ತಿರುತ್ತೆ, ಅವರಿಗೆ ಗೊತ್ತಿರಲ್ಲ. ಬ್ರೇಕ್ ಒತ್ತೋಕೆ ಮುಂಚೆಯೇ ನಿಮ್ಮ ಕೈಕಾಲು ಗಟ್ಟಿಯಾಗಿರುತ್ತೆ. ಅವರ ತಲೆ ಬಂದು ನಿಮ್ಮ ಹೆಲ್ಮೆಟ್‌ಗೆ ಟಪ್ ಅಂತ ಬಡಿಯುತ್ತೆ. ಆ ಟಪ್ ಶಬ್ದ ಕೇಳಿಸಿದಾಗಲೆಲ್ಲ ತಪ್ಪು ಓಡಿಸುವವನದ್ದೇ.

ವೇಗದ ಲೆಕ್ಕವೂ ಹಾಗೇ. 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಹೋಗುತ್ತೆ. ನಾಯಿ ಅಡ್ಡ ಬಂತು ಅಂತ ತಲೆಗೆ ಹೊಳೆದು ಕೈ ಬ್ರೇಕ್ ಹಿಡಿಯೋಷ್ಟರಲ್ಲೇ ಹೆಚ್ಚುಕಡಿಮೆ ಅಷ್ಟು ದೂರ ಮುಗಿದಿರುತ್ತೆ. ಬ್ರೇಕ್ ಹಿಡಿದ ಮೇಲೆ ನಿಲ್ಲೋ ದೂರ, ವೇಗ ಎರಡರಷ್ಟಾದ್ರೆ ನಾಲ್ಕರಷ್ಟಾಗುತ್ತೆ. 40ರಲ್ಲಿ ಹೋಗುವಾಗ ನಿಲ್ಲೋದಕ್ಕೂ 80ರಲ್ಲಿ ಹೋಗುವಾಗ ನಿಲ್ಲೋದಕ್ಕೂ ಅಷ್ಟು ಅಂತರ. ಇದರ ಮೇಲೆ ಹಿಂದೆ ಇನ್ನೊಬ್ಬರ ಭಾರ. ಹಿಂದೆ ಜನ ಕೂತಾಗ ಹಿಂದಿನ ಟೈರಿಗೆ ಗಾಳಿ ಎಷ್ಟು ಹೆಚ್ಚು ಬೇಕು ಅಂತ ಗಾಡಿಯ ಜೊತೆ ಕೊಡೋ ಪುಸ್ತಕದಲ್ಲಿ ಬರೆದಿರುತ್ತೆ. ಆ ಪುಸ್ತಕ ನಮ್ಮಲ್ಲಿ ಎಷ್ಟು ಜನ ಓದಿದ್ದೀವಿ? ನನ್ನದು ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು. ಹಿಂದಿನ ಶಾಕ್ ಅಬ್ಸಾರ್ಬರನ್ನ ಭಾರಕ್ಕೆ ತಕ್ಕ ಹಾಗೆ ಬಿಗಿ ಮಾಡಬಹುದು ಅನ್ನೋದು ಮೆಕ್ಯಾನಿಕ್ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಗಾಡಿ ತಗೊಂಡು ಆಗಲೇ ಎಷ್ಟು ವರ್ಷ ಆಗಿತ್ತು ಅಂತ ಹೇಳಲ್ಲ.

ಹಿಂದೆ ಕೂರುವವರ ಬಗ್ಗೆ ಕಾನೂನು ಯೋಚನೆ ಮಾಡಿದೆ, ನಮಗಿಂತ ಚೆನ್ನಾಗೇ ಮಾಡಿದೆ. ಕೇಂದ್ರ ಮೋಟಾರು ವಾಹನಗಳ ನಿಯಮ 1989, ಅದರ 123ನೇ ನಿಯಮ. ಪ್ರತಿ ಬೈಕಿನಲ್ಲೂ ಹಿಂದೆ ಕೂತವರಿಗೆ ಹಿಡಿದುಕೊಳ್ಳೋಕೆ ಗಟ್ಟಿಯಾದ ಹಿಡಿ ಇರಬೇಕು, ಕಾಲಿಡೋಕೆ ಜಾಗ ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕಾದ್ರೂ ಅಡ್ಡ ಇರಬೇಕು. ಅದೇ ನಾವು ಹೇಳೋ ಸೀರೆ ಗಾರ್ಡು. ಹುಡುಗರು ಗಾಡಿ ತಗೊಂಡ ವಾರಕ್ಕೇ ಅದನ್ನ ಬಿಚ್ಚಿ ಅಟ್ಟಕ್ಕೆ ಎಸೀತಾರೆ. 'ಲುಕ್ ಹಾಳಾಗುತ್ತೆ ಅಣ್ಣ.' ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಸತ್ತವರ ಸುದ್ದಿಯನ್ನೂ ನಾನೇ ಓದಿದ್ದೀನಿ. ಲುಕ್ಕಿನ ಮಾತು ಆಗ ಯಾರೂ ಎತ್ತಲ್ಲ.

ಹೆಲ್ಮೆಟ್ಟಿನ ಕಥೆ ಇನ್ನೂ ಚೆನ್ನಾಗಿದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಈಗ ನಿಮ್ಮ ಮನೆಯ ಎರಡು ಹೆಲ್ಮೆಟ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಗಂಡನದು ಪೂರ್ತಿ ಮುಖ ಮುಚ್ಚೋದು, ಸಾವಿರಾರು ರೂಪಾಯಿಯದು. ಹೆಂಡತಿಯದು ರಸ್ತೆ ಬದಿಯಲ್ಲಿ ಕೊಂಡ ಮುಕ್ಕಾಲು ಟೋಪಿ, ಪೊಲೀಸ್ ಹಿಡಿಯದೇ ಇರಲಿ ಅಂತ. ಬೀಳುವಾಗ ಇಬ್ಬರೂ ಬೀಳೋದು ಒಂದೇ ರಸ್ತೆಗೆ ತಾನೇ? ನಮ್ಮ ಮನೆಯಲ್ಲೂ ಹೀಗೇ ಇತ್ತು, ಅದಕ್ಕೇ ಹೇಳ್ತಿದ್ದೀನಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಅದರಲ್ಲಿ ನೂರಕ್ಕೆ 44 ಜನ ದ್ವಿಚಕ್ರ ವಾಹನದಲ್ಲಿದ್ದವರು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ದಯವಿಟ್ಟು ಗಮನ ಇಟ್ಟು ಓದಿ. ನಿಮ್ಮ ಬೈಕಿನ ವಿಮೆ ಬರೀ ಥರ್ಡ್ ಪಾರ್ಟಿಯದ್ದಾ, ಪೂರ್ತಿ ಪ್ಯಾಕೇಜ್ ಪಾಲಿಸಿಯಾ? ಬರೀ ಕಾನೂನಿಗೆ ಬೇಕಾದಷ್ಟು ಮಾಡಿಸಿದ ಪಾಲಿಸಿಯಲ್ಲಿ ಹಿಂದೆ ಕೂತವರು ಥರ್ಡ್ ಪಾರ್ಟಿ ಲೆಕ್ಕಕ್ಕೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ, ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅಂದ್ರೆ ನಿಮ್ಮ ಬೈಕ್ ದಾರಿಹೋಕನಿಗೆ ಗುದ್ದಿದ್ರೆ ಅವನಿಗೆ ವಿಮೆ ಇದೆ. ಹಿಂದೆ ಕೂತ ನಿಮ್ಮ ಹೆಂಡತಿ ಬಿದ್ದರೆ ಆ ಪಾಲಿಸಿ ಕೈ ಎತ್ತಬಹುದು. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯಲ್ಲ ಅಂತೀರಾ? ಅದು ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕನಿಗೆ. ಹಿಂದಿನ ಸೀಟಿಗೆ ಬೇಕಾದ್ರೆ ಬೇರೆ ದುಡ್ಡು ಕಟ್ಟಿ ಸೇರಿಸ್ಕೋಬೇಕು. ಏಜೆಂಟು ಕೇಳಲ್ಲ, ನಾವೂ ಕೇಳಲ್ಲ. ಇವತ್ತೇ ಬೀರು ತೆಗೆದು ಪಾಲಿಸಿ ನೋಡಿ. ಬೈಕ್ ಪ್ರೀತಿಯನ್ನ ಹೆಂಡತಿಯ ಜೊತೆ ಹಂಚಿಕೊಳ್ಳೋ ಕೆಲಸ ಅಲ್ಲಿಂದ ಶುರುವಾಗಲಿ, ಗುಲಾಬಿ ಆಮೇಲೆ ತಗೊಂಡು ಹೋಗಿ.

ಸರಿ, ನಮ್ಮ ಮನೆಯ ಕಥೆಗೆ ವಾಪಸ್ ಬರೋಣ.

2020ರ ಮಾರ್ಚ್. ಯುಗಾದಿಗೆ ಅಂತ ನನ್ನ ಹೆಂಡತಿ ಹರವೆಗೆ ಹೋಗಿದ್ದಳು. ಹಬ್ಬದ ದಿನವೇ ಲಾಕ್‌ಡೌನ್. ಅವಳು ಅಲ್ಲಿ, ನಾನು ಬೆಂಗಳೂರಿನ ಸ್ಟುಡಿಯೋದಲ್ಲಿ. ರಾಜ್ಯದಲ್ಲೆಲ್ಲ ಕೊರೊನಾ ಏರುತ್ತಿದ್ದಾಗ ಚಾಮರಾಜನಗರ ಜಿಲ್ಲೆಯಲ್ಲಿ ಜೂನ್‌ವರೆಗೂ ಒಂದೂ ಪ್ರಕರಣ ಇರಲಿಲ್ಲ ಅನ್ನೋದು ನಿಮಗೆ ನೆನಪಿರಬಹುದು. ಆ ಸುದ್ದಿ ಓದುವಾಗ ನನಗೊಬ್ಬನಿಗೆ ಗೊತ್ತಿತ್ತು, ಆ ಜಿಲ್ಲೆಯಲ್ಲಿ ನನ್ನ ಹೆಂಡತಿ ಏನು ಮಾಡ್ತಿದ್ದಾಳೆ ಅಂತ. ಹಾಗಂದ್ಕೊಂಡಿದ್ದೆ.

ಅವಳು ಟಿವಿಎಸ್ ಎಕ್ಸೆಲ್ ಓಡಿಸೋದು ಕಲೀತಿದ್ದಳು. ಬೈಕ್ ಪ್ರೀತಿಯಿಂದಲ್ಲ. ಮಾವನವರು ತೀರಿಕೊಂಡಿದ್ದರು, ಜಾವಾ ಕೊಟ್ಟಿಗೆ ಮೂಲೆ ಸೇರಿತ್ತು, ಭಾವಮೈದುನ ಕೆಲಸದ ಊರಲ್ಲೇ ಸಿಕ್ಕಿಹಾಕಿಕೊಂಡಿದ್ದ. ಮನೆಯಲ್ಲಿ ಎರಡು ಹಸು, ಹಾಲನ್ನ ಡೇರಿಗೆ ಹಾಕಬೇಕು. ತೋಟದ ದಾರಿಯಲ್ಲಿ, ಬಾಳೆ ಸಾಲಿನ ನಡುವೆ, ಪಕ್ಕದ ಮನೆ ಹುಡುಗನ ಹತ್ತಿರ ಕಲಿತಳು. ಎರಡು ಸಲ ಅರಿಶಿನದ ಹೊಲಕ್ಕೆ ಇಳಿಸಿದಳಂತೆ. ಆಮೇಲೆ ಹಾಲಿನ ಕ್ಯಾನು ಮುಂದಿಟ್ಟುಕೊಂಡು ಡೇರಿಗೆ ಹೋಗಿಬರೋಳು. ಲೈಸೆನ್ಸ್ ಇರಲಿಲ್ಲ, ಅದು ತಪ್ಪೇ. ಅವಳ ಪರವಾಗಿ ವಾದ ಮಾಡಲ್ಲ. ನನಗೆ ಹೇಳಿದ್ದು ಲಾಕ್‌ಡೌನ್ ಸಡಿಲವಾಗಿ ನಾನು ಹರವೆಗೆ ಹೋದಾಗ. 'ರೀ, ಕೀ ಕೊಡಿ. ನಿಮ್ಮ ಬುಲೆಟ್ ಅಲ್ಲ, ಎಕ್ಸೆಲ್‌ದು, ನಿಮ್ಮ ಕೈಯಲ್ಲೇ ಇದೆ' ಅಂದಳು.

ಬೆಂಗಳೂರಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಎಲ್‌ಎಲ್‌ಆರ್. ಇಲ್ಲೊಂದು ಕಿವಿಮಾತು. ಲೈಸೆನ್ಸಿನಲ್ಲಿ ಗೇರ್ ಇಲ್ಲದ ಗಾಡಿಗೆ ಒಂದು ವರ್ಗ, ಗೇರ್ ಇರುವ ಗಾಡಿಗೆ ಇನ್ನೊಂದು. ಹೆಂಗಸರಿಗೆ ಅಂದ ತಕ್ಷಣ ಡ್ರೈವಿಂಗ್ ಸ್ಕೂಲಿನವರು ಕೇಳದೇ ಗೇರ್ ಇಲ್ಲದ್ದಕ್ಕೇ ಅರ್ಜಿ ತುಂಬಿಬಿಡ್ತಾರೆ. ಗೇರ್ ಇರುವುದಕ್ಕೇ ಮಾಡಿಸಿ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತೆ, ಮೂವತ್ತು ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು. ಆ ಅವಧಿಯಲ್ಲಿ ಕಲಿಯುವವರು ಬೈಕಿನ ಹಿಂದೆ ಬೇರೆ ಯಾರನ್ನೂ ಕೂರಿಸೋ ಹಾಗಿಲ್ಲ, ಲೈಸೆನ್ಸ್ ಇರುವ, ಕಲಿಸುವ ವ್ಯಕ್ತಿಯೊಬ್ಬರನ್ನ ಬಿಟ್ಟು. ನಮ್ಮ ಮನೆಯಲ್ಲಿ ಆ ವ್ಯಕ್ತಿ ಯಾರು? ನಾನೇ. ಅಂದ್ರೆ ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನನ್ನ ಹಿಂದಿನ ಸೀಟಿಗೆ ಕೂರಿಸಿದ್ದು ಭಾರತ ಸರ್ಕಾರ.

ಅಲ್ಲಿ ಕೂತು ನೋಡಿದೆ. ಅವಳ ಹೆಲ್ಮೆಟ್ ಬಿಟ್ಟು ಏನೂ ಕಾಣಲ್ಲ. ಬ್ರೇಕ್ ಯಾವಾಗ ಹಿಡೀತಾಳೆ ಗೊತ್ತಿಲ್ಲ. ಎದುರಿಗೆ ಲಾರಿ ಬರ್ತಿದೆಯಾ ಗೊತ್ತಿಲ್ಲ. ಕಾಲು ಎಲ್ಲಿ ಇಡೋದು, ಕೈ ಎಲ್ಲಿ ಇಡೋದು? ನನ್ನ ಬಲಗಾಲು ಇಲ್ಲದ ಬ್ರೇಕನ್ನ ಒತ್ತುತ್ತಾ ಇತ್ತು. 'ನಿಧಾನ, ನಿಧಾನ' ಅಂತ ಬೆನ್ನು ತಟ್ಟಿದೆ. ಅವಳು 30ರಲ್ಲಿ ಹೋಗ್ತಿದ್ದಳು, ದಯವಿಟ್ಟು ನಗಬೇಡಿ. ಗಾಡಿ ನಿಲ್ಲಿಸಿ ಹಿಂದೆ ತಿರುಗಿ ಒಂದೇ ಮಾತು ಕೇಳಿದಳು, 'ಬಂಡೀಪುರ ನೆನಪಾಯ್ತಾ?'

ಆರು ವರ್ಷಕ್ಕೆ ಆ ರಾತ್ರಿಯ ಮಾತು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು. ರಸ್ತೆ ಪಕ್ಕ ಗಾಡಿ ನಿಲ್ಲಿಸಿಕೊಂಡು ಅರ್ಧ ಗಂಟೆ ಮಾತಾಡಿದ್ವಿ. ಅವಳಿಗೆ ನೋವಾಗಿದ್ದು ಕಂಬಿ ತಾಗಿದ್ದಕ್ಕಲ್ಲ. ಮೂರು ಸಲ ಹೇಳಿದ್ರೂ ನಾನು ನಿಲ್ಲಿಸಲಿಲ್ಲ, ಇಳಿದ ಮೇಲೆ ಮೊದಲು ವಾಚ್ ನೋಡಿಕೊಂಡೆ, ಅದಕ್ಕೆ. 'ನೀವು ನನ್ನನ್ನ ಕರ್ಕೊಂಡು ಹೋಗ್ತಿರಲಿಲ್ಲ ರೀ, ಹೇರಿಕೊಂಡು ಹೋಗ್ತಿದ್ರಿ' ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚರ್ಚೆ ಕಾರ್ಯಕ್ರಮದಲ್ಲಿ ನಾಲ್ಕು ಜನರ ಬಾಯಿ ಮುಚ್ಚಿಸೋ ನಾನು ಸುಮ್ಮನೆ ನಿಂತಿದ್ದೆ.

ಆಮೇಲೆ ನಮ್ಮದೇ ಕೆಲವು ಕಟ್ಟಲೆ ಮಾಡಿಕೊಂಡಿದ್ದೀವಿ. ಹೆಗಲು ಒಂದು ಸಲ ತಟ್ಟಿದ್ರೆ ನಿಧಾನ, ಎರಡು ಸಲ ತಟ್ಟಿದ್ರೆ ನಿಲ್ಲಿಸಬೇಕು, ಯಾಕೆ ಅಂತ ನಿಂತ ಮೇಲೆ ಕೇಳಬೇಕು. ಹಂಪ್ ಬಂದ್ರೆ ಓಡಿಸುವವರು ಎಡಗೈ ತೋರಿಸಬೇಕು. ತಿರುವಿನಲ್ಲಿ ಹಿಂದೆ ಕೂತವರು ಮುಂದಿನವರ ಜೊತೆಗೇ ಬಾಗಬೇಕು. ಹೆದರಿ ಎದುರು ಬದಿಗೆ ವಾಲಿದ್ರೆ ಗಾಡಿ ತಿರುಗೋಕೆ ಒದ್ದಾಡುತ್ತೆ. ತಿರುವು ಯಾವ ಕಡೆಗೋ ಆ ಕಡೆಯ ಭುಜದ ಮೇಲಿಂದ ರಸ್ತೆ ನೋಡ್ತಾ ಇದ್ರೆ ಮೈ ತಾನೇ ಸರಿಯಾಗಿ ಬಾಗುತ್ತೆ, ಭಯವೂ ಅರ್ಧ ಕಡಿಮೆಯಾಗುತ್ತೆ. ಒಂದೇ ಬದಿಗೆ ಕೂರೋದು ಪೂರ್ತಿ ಬಂದ್. ಒಂದು ಬದಿಗೆ ಭಾರ ಬಿದ್ದರೆ ಓಡಿಸುವವನು ದಾರಿಯುದ್ದಕ್ಕೂ ಇನ್ನೊಂದು ಬದಿಗೆ ತೂಗಿಸ್ತಾನೇ ಇರಬೇಕು. ಜೋರಾಗಿ ಬ್ರೇಕ್ ಹಾಕಿದ್ರೆ ಹಾಗೆ ಕೂತವರಿಗೆ ಎರಡು ಕಾಲಿನ ಹಿಡಿತವೇ ಇರಲ್ಲ. ಹೆಲ್ಮೆಟ್ ಇಬ್ಬರಿಗೂ ಒಂದೇ ತರಹದ್ದು, ಒಂದೇ ಬೆಲೆಯದ್ದು. ಹೆಲ್ಮೆಟ್ ಒಳಗೇ ಮಾತಾಡೋ ಬ್ಲೂಟೂತ್ ಸಾಧನ ಈಗ ಸಿಗುತ್ತೆ, ಅದನ್ನೂ ತಗೊಂಡ್ವಿ. ಮೊದಲ ದಿನ ಅದರಲ್ಲಿ ಇಬ್ಬರೂ ಜಗಳ ಆಡಿದ್ದು ಬೇರೆ ಮಾತು.

ಎಲ್ಲಿಗೆ ಹೋಗೋದು, ಎಲ್ಲಿ ನಿಲ್ಲೋದು ಅನ್ನೋದು ಅರ್ಧ ಅವಳದು. ಇದು ಸುಲಭ ಅಂದ್ಕೋಬೇಡಿ. ನನಗೆ ನೂರು ಕಿಲೋಮೀಟರ್ ಒಂದೇ ಉಸಿರಿಗೆ ಹೋಗೋ ಚಟ. ಅವಳಿಗೆ ನಲವತ್ತಕ್ಕೊಂದು ಕಡೆ ಇಳಿದು ಕಾಲು ಬಿಡಿಸಬೇಕು. ಹೆಂಗಸರಿಗೆ ಶೌಚಾಲಯ ಇರೋ ಜಾಗದಲ್ಲೇ ನಿಲ್ಲಬೇಕು, ಇದನ್ನ ಗಂಡಸರು ಲೆಕ್ಕಕ್ಕೇ ತಗೊಳ್ಳಲ್ಲ. ನಂಜನಗೂಡು, ಬೇಗೂರು, ಗುಂಡ್ಲುಪೇಟೆ ರಸ್ತೆಯಲ್ಲಿ ನಾನು ಎಷ್ಟು ಸಲ ಹೋಗಿದ್ದೀನೋ ಲೆಕ್ಕವಿಲ್ಲ. ಮಳೆಗಾಲದಲ್ಲಿ ಹೆದ್ದಾರಿ ಬದಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಹೇಗಿರುತ್ತವೆ ಅಂತ ಸರಿಯಾಗಿ ನಿಂತು ನೋಡಿದ್ದು ಅವಳು ನಿಲ್ಲಿಸಿದಾಗ. ಹೊಲದವರು ಫೋಟೋಗೆ ಕಾಸು ಕೇಳ್ತಾರೆ. ಕೇಳಲಿ, ಜನ ನುಗ್ಗಿ ಗಿಡ ತುಳಿದ ನಷ್ಟ ಯಾರು ಕಟ್ಟಿಕೊಡ್ತಾರೆ?

ಹಿಂದಿನ ಸೀಟಿನ ಮಾತು ಬಂದಾಗ ಮೈಸೂರಿನ ಕೃಷ್ಣಕುಮಾರ್ ನೆನಪಾಗ್ತಾರೆ. ಅವರ ಸುದ್ದಿಯನ್ನ ಎಲ್ಲ ಚಾನೆಲ್‌ಗಳೂ ಮಾಡಿದ್ದೀವಿ. ಅಪ್ಪ ಕೊಡಿಸಿದ್ದ 2001ರ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿ ಚೂಡಾರತ್ನ ಅವರನ್ನ ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟರು. ಕೂಡುಕುಟುಂಬದ ಅಡುಗೆಮನೆಯಲ್ಲೇ ಜೀವನ ಕಳೆದ ತಾಯಿ, ಹೊರಗಿನ ಊರೇ ನೋಡಿರಲಿಲ್ಲ. ದೇಶವೆಲ್ಲ ಸುತ್ತಿದರು, ನೇಪಾಳ, ಭೂತಾನ್, ಮ್ಯಾನ್ಮಾರ್ ಕೂಡ. ಆನಂದ್ ಮಹೀಂದ್ರಾ ಮೆಚ್ಚಿ ಕಾರು ಕೊಟ್ಟಿದ್ದು ದೊಡ್ಡ ಸುದ್ದಿಯಾಯ್ತು. ನನಗೆ ಕಾರಿಗಿಂತ ಹೆಚ್ಚು ತಾಗಿದ್ದು ಬೇರೆ. ಆ ಯಾತ್ರೆಯಲ್ಲಿ ದಾರಿ ನಿರ್ಧಾರ ಆಗ್ತಿದ್ದುದು ಹಿಂದೆ ಕೂತವರ ಆಸೆಯಿಂದ, ಓಡಿಸುವವರ ಚಟದಿಂದಲ್ಲ. ಮಗ ತಾಯಿಗೆ ಮಾಡಿದ್ದನ್ನ ಗಂಡ ಹೆಂಡತಿಗೆ ಯಾಕೆ ಮಾಡಲ್ಲ? ತಾಯಿಗೆ ಮಾಡಿದ್ರೆ ಸೇವೆ, ಹೆಂಡತಿಗೆ ಮಾಡಿದ್ರೆ ಅಮ್ಮಾವ್ರ ಗಂಡ ಅಂತಾರೆ ಅನ್ನೋ ಭಯ ಇರಬೇಕು.

ಓಡಿಸೋ ಹೆಂಗಸರೇನು ಕಮ್ಮಿ ಇಲ್ಲ ನಮ್ಮಲ್ಲಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಜಾಸ್ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು, ಮೋಟಾರ್ ಸ್ಪೋರ್ಟ್ಸ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರು. ನನ್ನ ಹೆಂಡತಿ ರೇಸಿಗೆ ಹೋಗಲ್ಲ. ಬುಲೆಟ್ ಅವಳಿಗೆ ಬೇಡ, ನೂರ ತೊಂಬತ್ತೈದು ಕೇಜಿಯ ಗಾಡಿ, ನಿಂತಾಗ ಕಾಲು ನೆಲಕ್ಕೆ ಸರಿಯಾಗಿ ಊರಲ್ಲ. ತನ್ನ ಎತ್ತರಕ್ಕೆ ಹೊಂದೋ ಹಗುರ ಗಾಡಿ ತಗೊಂಡಿದ್ದಾಳೆ. ಆರ್‌ಸಿ ಅವಳ ಹೆಸರಲ್ಲಿ. ಪಾಲಿಸಿಯಲ್ಲಿ ಹಿಂದಿನ ಸೀಟಿಗೂ ವಿಮೆ ಸೇರಿಸಿದ್ದಾಳೆ, ಹಿಂದೆ ಕೂರೋದು ನಾನು ಅಂತ.

ಫೋನ್ ಮಾಡಿದ ಆ ವೀಕ್ಷಕರಿಗೆ ಇಷ್ಟೆಲ್ಲ ಹೇಳಿದೆ. ಅವರು 'ಅಂದ್ರೆ ಕಲಿಸಿಬಿಟ್ರೆ ಸರಿಹೋಗುತ್ತಾ ಸರ್?' ಅಂದ್ರು. ಹಾಗೂ ಅಲ್ಲ. ನಮ್ಮ ಸಹೋದ್ಯೋಗಿಯೊಬ್ಬರ ಹೆಂಡತಿಗೆ ಎಲ್ಲ ಹೇಳಿಕೊಟ್ಟರೂ ಬೈಕ್ ಇಷ್ಟವಾಗಲಿಲ್ಲ. ಅವರಿಗೆ ಗಾಳಿಗೆ ತಲೆನೋವು ಬರುತ್ತೆ, ಸೊಂಟ ಹಿಡಿಯುತ್ತೆ, ಅದಕ್ಕೆ ಯಾರ ತಪ್ಪೂ ಇಲ್ಲ. ಅವರು ಬಸ್ಸಿನಲ್ಲಿ ಹೋಗ್ತಾರೆ, ಗಂಡ ಬೈಕಲ್ಲಿ, ಹೋದ ಊರಲ್ಲಿ ಇಬ್ಬರೂ ಸೇರಿ ಊಟ ಮಾಡ್ತಾರೆ. ಅದೂ ನಡೆಯುತ್ತೆ. ಬಲವಂತಕ್ಕೆ ಕೂರಿಸಿಕೊಂಡು ಹೋಗಿ, ಫೋಟೋದಲ್ಲಿ ಮಾತ್ರ ನಗಿಸೋದು ಬೇಡ. ಮೊದಲು 'ನಿನಗೆ ಬೈಕ್ ಆಗಲ್ವಾ, ನಾನು ಓಡಿಸೋ ರೀತಿ ಆಗಲ್ವಾ?' ಅಂತ ಕೇಳಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ 'ಕೇಳ್ತೀನಿ ಸರ್' ಅಂದ್ರು.

ಹೋದ ಸಲ ಹರವೆಗೆ ಹೋದಾಗ ನನ್ನ ಹೆಂಡತಿ ಅತ್ತೆಯವರನ್ನ ಹಿಂದೆ ಕೂರಿಸಿಕೊಂಡು ಚಾಮರಾಜನಗರಕ್ಕೆ ಹೊರಟಳು. ಅತ್ತೆಗೆ ಎಪ್ಪತ್ತು ದಾಟಿದೆ. ಎರಡೂ ಕಡೆ ಕಾಲು ಹಾಕಿ ಕೂರಲ್ಲ ಅಂತ ಹಟ ಹಿಡಿದ್ರು. 'ಊರ್ನೋರು ಏನಂದರು' ಅಂತ. ಸೀರೆ ಮೇಲೆ ಹಳೇ ಪಂಚೆ ಸುತ್ತಿ, ಹೆಲ್ಮೆಟ್ ಹಾಕಿಸಿ, ಮಗಳು ಬಿಡಲೇ ಇಲ್ಲ. ನಾನು ಬುಲೆಟ್‌ನಲ್ಲಿ ಹಿಂದೆ ಹಿಂದೆ ಹೋದೆ. ಅವಳು 35 ದಾಟಲಿಲ್ಲ. ದಾರಿಯುದ್ದಕ್ಕೂ ಅತ್ತೆ ಅವಳ ಬಲಭುಜದ ಮೇಲಿಂದ ಕುತ್ತಿಗೆ ಚಾಚಿ ನೋಡ್ತಾನೇ ಇದ್ದರು. ಊರು ಮುಟ್ಟೋಕೆ ಮುಂಚೆ ಎರಡು ಸಲ ಗಾಡಿ ನಿಂತಿತು, ಎರಡೂ ಸಲ ಹೆಗಲು ತಟ್ಟಿದ್ದು ಅತ್ತೆಯೇ. ಒಂದು ಸಲ ಯಾರೋ ಪರಿಚಯದವರ ಹೊಲದ ಹತ್ತಿರ, ಇನ್ನೊಂದು ಸಲ ಎಳನೀರಿಗೆ.

ಈಗ ಮುಂದಿನ ತಿಂಗಳು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬೇಕಂತೆ ಅವರಿಗೆ. ಹಂಗಳದಿಂದ ಒಳಗೆ ಹೋಗಿ ತಪ್ಪಲಲ್ಲಿ ಗಾಡಿ ನಿಲ್ಲಿಸಬೇಕು, ಮೇಲಕ್ಕೆ ಖಾಸಗಿ ವಾಹನ ಬಿಡಲ್ಲ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಹೋಗಬೇಕು ಅಂತ ಹೇಳಿದ್ದೀನಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತನಗೇ ಬೇಕು ಅಂತ ಈಗಲೇ ಹೇಳಿಟ್ಟಿದ್ದಾರೆ.